ಬ್ಯಾಡಗಿ ಮೆಣಸಿನಕಾಯಿ ಲೆಕ್ಕಕ್ಕೆ ಹೆಸರಿಲ್ಲದ ಫಂಕ್ಷನ್

ಬ್ಯಾಡಗಿ ಮಾರುಕಟ್ಟೆಯ ರೇಟಿನ ಪಟ್ಟಿ ಸಂಜೆ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಒಂದೊಂದು ಲಾಟಿಗೂ ಮೂರು ಕಲಂ: ಯಾವ ಕಾಯಿ, ಎಷ್ಟು ಕ್ವಿಂಟಲ್, ಕ್ವಿಂಟಲಿಗೆ ಎಷ್ಟು ರೂಪಾಯಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೊಟ್ಟದ್ದನ್ನು ತೆಗೆದುಕೊಂಡು ಉತ್ತರ ಕೊಡುವ ಪುಟ್ಟ ತುಣುಕಿಗೆ ಫಂಕ್ಷನ್ ಅನ್ನುತ್ತಾರೆ. ಹೆಸರಿಲ್ಲದ ಫಂಕ್ಷನ್, ಅಂದರೆ ಲ್ಯಾಂಬ್ಡಾ ಕಲಿಯಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಮೊದಲು ಪಟ್ಟಿ ಬರೆಯಿರಿ. ರೇಟು ಉದಾಹರಣೆಗಷ್ಟೇ.

ಲಾಟುಗಳು = [("ಡಬ್ಬಿ", 4, 32000), ("ಗುಂಟೂರು", 10, 14000), ("ಕಡ್ಡಿ", 7, 27000)]

ಪೈಥಾನ್ 3ರಲ್ಲಿ ಇಂಥ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಲ್ಯಾಂಬ್ಡಾ, ಸಾರ್ಟೆಡ್, ಕೀ ಮುಂತಾದ ಭಾಷೆಯ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಸುಮ್ನೆ ಸಾರ್ಟೆಡ್(ಲಾಟುಗಳು) ಅಂದರೆ ಮೊದಲ ಕಲಂ ನೋಡಿ ಕಡ್ಡಿ, ಗುಂಟೂರು, ಡಬ್ಬಿ ಎಂದು ಅಕ್ಷರಮಾಲೆಯಂತೆ ಜೋಡಿಸುತ್ತದೆ. ನಮಗೆ ಬೇಕಾದ್ದು ರೇಟು. ಯಾವ ಕಲಂ ನೋಡಬೇಕೆಂದು ಹೇಳಲು ಪುಟ್ಟ ಫಂಕ್ಷನ್ ಬೇಕು. ಡೆಫ್ ಹಾಕಿ, ಹೆಸರಿಟ್ಟು ಬರೆಯಬಹುದು. ಆದರೆ ಒಂದೇ ಕಡೆ, ಒಂದೇ ಸಲ ಬೇಕಾದ ಕೆಲಸಕ್ಕೆ ಹೆಸರು ಯಾಕೆ, ಅಲ್ವಾ?

ಸಾರ್ಟೆಡ್(ಲಾಟುಗಳು, ಕೀ=ಲ್ಯಾಂಬ್ಡಾ ಲಾಟು: ಲಾಟು[2])

ಲ್ಯಾಂಬ್ಡಾ ಆದಮೇಲೆ, ಕೋಲನ್‌ಗೆ ಮುಂಚೆ ಇರುವುದು ಒಳಗೆ ಬರುವ ಮಾಲು. ಕೋಲನ್ ಆದಮೇಲಿನದು ವಾಪಸ್ ಬರುವ ಉತ್ತರ. ರಿಟರ್ನ್ ಬರೆಯಬೇಕಿಲ್ಲ. ಎಣಿಕೆ 0ಯಿಂದ ಶುರುವಾಗುತ್ತದೆ, ಹಾಗಾಗಿ ಮೂರನೇ ಕಲಂಗೆ 2. ಈಗ ಗುಂಟೂರು, ಕಡ್ಡಿ, ಡಬ್ಬಿ ಎಂದು ಬರುತ್ತದೆ. ಜಾಸ್ತಿ ರೇಟು ಮೇಲೆ ಬೇಕಿದ್ದರೆ ರಿವರ್ಸ್=ಟ್ರೂ ಸೇರಿಸಿ.

ಕೋಲನ್ ಆಚೆಗಿನದನ್ನು ಲಾಟು[1] * ಲಾಟು[2] ಎಂದು ಬದಲಾಯಿಸಿ ನೋಡಿ. ಜೋಡಣೆ ಒಟ್ಟು ಮೊತ್ತದ ಮೇಲೆ ಆಗುತ್ತದೆ: ಡಬ್ಬಿ 128000, ಗುಂಟೂರು 140000, ಕಡ್ಡಿ 189000. ಬಣ್ಣಕ್ಕೆ ಹೆಸರಾದ ಡಬ್ಬಿಯ ರೇಟೇ ಎಲ್ಲಕ್ಕಿಂತ ಹೆಚ್ಚು, ಆದರೂ ಲಾಟಿನ ಮೊತ್ತ ಎಲ್ಲಕ್ಕಿಂತ ಕಡಿಮೆ. ಕೆಲವೇ ಅಕ್ಷರ ಸೇರಿಸಿದ್ದಕ್ಕೆ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. ಲ್ಯಾಂಬ್ಡಾ ನನಗೆ ಇಷ್ಟವಾಗುವುದು ಇದಕ್ಕೇ.

ಲ್ಯಾಂಬ್ಡಾ ಎಂಬ ಹೆಸರು ಗಣಿತಜ್ಞ ಅಲೋಂಜೊ ಚರ್ಚ್ 1930ರ ದಶಕದಲ್ಲಿ ರೂಪಿಸಿದ ಲೆಕ್ಕಪದ್ಧತಿಯದು. ಪೈಥಾನ್‌ನ 1994ರ 1.0 ಆವೃತ್ತಿಯಲ್ಲೇ ಇದು ಇತ್ತು.

ಪೈಥಾನ್ ಲ್ಯಾಂಬ್ಡಾದಲ್ಲಿ ಒಂದೇ ಒಂದು ಲೆಕ್ಕ ಹಿಡಿಯುತ್ತದೆ. ಒಳಗೆ ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಸಾಲು, ಹಾಕುವಂತಿಲ್ಲ. ಒಂದೇ ಉಸಿರಿಗೆ ಓದಲು ಆಗದಿದ್ದರೆ ಡೆಫ್ ಬಳಸಿ. ಲ್ಯಾಂಬ್ಡಾಗೆ ಹೆಸರು ಕೊಟ್ಟು ಇಟ್ಟುಕೊಳ್ಳುವುದಾದರೂ ಡೆಫ್ ವಾಸಿ. ಪೈಥಾನ್‌ನ ಶೈಲಿ ಕೈಪಿಡಿ ಪೆಪ್ 8 ಹೇಳುವುದೂ ಅದನ್ನೇ.

ಇನ್ನು ನನ್ನ ಒಂದು ಇಡೀ ಸಂಜೆ ತಿಂದ ತಪ್ಪು. ಶೇಕಡಾ 2, 3, 5ರ ಮೂರು ಲೆಕ್ಕ ಬೇಕಿತ್ತು. ಶೇಕಡಾ ಎಂಬ ಹೆಸರಿಗೆ ಅವನ್ನು ಒಂದೊಂದಾಗಿ ಕೊಡುತ್ತಾ ಫಾರ್ ಲೂಪ್ ಓಡಿಸಿ, ಪ್ರತಿ ಸುತ್ತಿನಲ್ಲೂ ಇದನ್ನು ಪಟ್ಟಿಗೆ ಸೇರಿಸಿದೆ:

ಲ್ಯಾಂಬ್ಡಾ ಮೊತ್ತ: ಮೊತ್ತ * ಶೇಕಡಾ / 100

10000 ಕೊಟ್ಟರೆ ಮೂರೂ 500.0 ಅಂದವು. ಲ್ಯಾಂಬ್ಡಾ ಶೇಕಡಾದ ಬೆಲೆಯನ್ನು ಆಗಲೇ ಬರೆದಿಟ್ಟುಕೊಳ್ಳುವುದಿಲ್ಲ. ಕರೆದಾಗಷ್ಟೇ ಹೋಗಿ ನೋಡುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಅಲ್ಲಿ 5 ಕೂತಿರುತ್ತದೆ. ಹುಟ್ಟುವಾಗಲೇ ಬೆಲೆ ಹಿಡಿದುಕೊಳ್ಳುವಂತೆ ಹೀಗೆ ಬರೆಯಿರಿ:

ಲ್ಯಾಂಬ್ಡಾ ಮೊತ್ತ, ಶೇಕಡಾ=ಶೇಕಡಾ: ಮೊತ್ತ * ಶೇಕಡಾ / 100

ಈಗ 200.0, 300.0, 500.0 ಬರುತ್ತವೆ.