ಪಾಪುವಿನ ಗಾಡಿ: ಚಕ್ರ ನೋಡುವ ಮೊದಲು ಮೆಟ್ಟಿಲು ಎಣಿಸಿ

ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ಸಿಯಾಟಲ್‌ಗೆ ಹೋದಾಗ ಅವಳ ಗ್ಯಾರೇಜಿನಲ್ಲಿ ಆಗಲೇ ಒಂದು ದೊಡ್ಡ ಮೂರು ಚಕ್ರದ ಸ್ಟ್ರೋಲರ್ ಬಂದು ನಿಂತಿತ್ತು. ಕೂಸು ಹುಟ್ಟಲು ಇನ್ನೂ ಮೂರು ವಾರ ಇತ್ತು. ಸಣ್ಣ ಸೈಕಲ್ಲಿನ ಗಾಲಿಯಂಥ ಗಾಲಿಗಳು, ಹಿಡಿಕೆಯಲ್ಲಿ ಬ್ರೇಕು, ಮಣಿಕಟ್ಟಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ಮಗಳಿಗೆ ಕಾಲೇಜಿನ ದಿನಗಳಿಂದಲೂ ಓಡುವ ಅಭ್ಯಾಸ. "ಅಮ್ಮಾ, ಪಾಪುನ ಕೂರಿಸಿಕೊಂಡು ಗ್ರೀನ್ ಲೇಕ್ ಸುತ್ತ ಓಡ್ತೀನಿ ನೋಡು" ಅಂದಳು. ಕೇಳಲು ನನಗೂ ಖುಷಿಯಾಯಿತು. ಆದರೆ ಆ ಗಾಡಿ ಓಡಿದ್ದು ಮಗುವಿಗೆ ಎಂಟು ತಿಂಗಳು ತುಂಬಿದ ಮೇಲೆ. ಅಷ್ಟರಲ್ಲಿ ನಾನು ಮೈಸೂರಿಗೆ ವಾಪಸ್ ಬಂದಾಗಿತ್ತು, ವೀಡಿಯೊ ಕಾಲ್‌ನಲ್ಲಿ ನೋಡಿದೆ. ನಡುವೆ ಇನ್ನೊಂದು ಸಣ್ಣ ಗಾಡಿ ಕೊಳ್ಳಲೇಬೇಕಾಯಿತು. ಆಮೇಲೆ ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಎರಡೂ ಗಾಡಿಗಳನ್ನು ನಾನೇ ತಳ್ಳಿದ್ದೇನೆ, ಮಡಿಸಿದ್ದೇನೆ, ತೊಳೆದಿದ್ದೇನೆ. ಆ ಅನುಭವದಿಂದ ಈ ಮಾತು.

ತಳ್ಳಿಕೊಂಡು ಓಡಲೆಂದೇ ಮಾಡಿದ ಇಂಥ ಓಡುವ ಗಾಡಿ ಇದ್ದ ಮಾತ್ರಕ್ಕೆ ಹಸುಗೂಸನ್ನು ಕೂರಿಸಿಕೊಂಡು ಓಡುವ ಹಾಗಿಲ್ಲ. ಕೂಸಿನ ಕತ್ತು ನಿಲ್ಲಬೇಕು, ತಾನಾಗಿ ನೆಟ್ಟಗೆ ಕೂರಬೇಕು. ಗಾಡಿ ತಯಾರಿಸುವವರೇ ಕೆಲವರು 6 ತಿಂಗಳು, ಕೆಲವರು 8 ತಿಂಗಳು ತುಂಬುವ ತನಕ ಓಟ ಬೇಡ ಅಂತ ಜೊತೆಗೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತಾರೆ. ಎಳೆಗೂಸನ್ನು ಎತ್ತಿಕೊಳ್ಳುವಾಗ ಒಂದು ಅಂಗೈ ತಲೆಯ ಕೆಳಗೇ ಇರಬೇಕು ಅಂತ ನಮ್ಮ ಹಿರಿಯರು ಹೇಳುತ್ತಲೇ ಇದ್ದರಲ್ಲ, ಇದಕ್ಕೂ ಕಾರಣ ಅದೇ. ಓಟದ ಕುಲುಕಾಟವನ್ನು ಆ ಕತ್ತು ತಡೆಯುವುದಿಲ್ಲ. ಆರು ತಿಂಗಳು ಕಳೆದಿದ್ದರೂ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಯೇ ಶುರು ಮಾಡಿ.

ಇನ್ನು ತಾಯಿಯ ಮೈ. ಮಗಳಿಗೆ ಸಿಸೇರಿಯನ್ ಆಯಿತು. ಆರು ವಾರ ಮಗುವಿಗಿಂತ ಭಾರವಾದದ್ದು ಏನನ್ನೂ ಎತ್ತಬೇಡಿ ಅಂತ ಆಸ್ಪತ್ರೆಯವರು ಹೇಳಿ ಕಳಿಸಿದರು. ಆ ಗಾಡಿ ಖಾಲಿ ಇದ್ದಾಗಲೇ 13 ಕಿಲೋ. ಅರ್ಧ ಮೂಟೆ ಅಕ್ಕಿ ಅಂದುಕೊಳ್ಳಿ. ಹಸಿ ಬಾಣಂತಿ ಅದನ್ನು ಕಾರಿನ ಡಿಕ್ಕಿಗೆ ಎತ್ತಿ ಹಾಕುವುದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗುತ್ತದೆಯೇ? ನನಗೋ ಮಂಡಿನೋವು. ಅಳಿಯ ಆಫೀಸಿಗೆ ಹೋದ ದಿನ ಗಾಡಿ ಗ್ಯಾರೇಜಿನಲ್ಲಿ, ನಾವು ಮೂವರು ಮನೆಯೊಳಗೆ. ಎರಡು ವಾರ ಹೀಗೇ ಆಯಿತು. ಆಮೇಲೆ ಏಳು ಕಿಲೋ ತೂಕದ, ಹಿಂದಕ್ಕೆ ಪೂರ್ತಿ ಮಲಗುವ ಸೀಟಿನ ಸಣ್ಣ ಗಾಡಿ ತಂದರು. ಅವತ್ತಿನಿಂದ ಮಗಳು ದಿನಾ ಸಂಜೆ ಹೊರಗೆ ಹೊರಟಳು. ಬಾಣಂತಿಯ ಮುಖದಲ್ಲಿ ಗೆಲುವು ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಸೀಟು ಪೂರ್ತಿ ಮಲಗಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಕೊಡೆಯ ಹಾಗೆ ಮಡಿಯುವ ತೀರ ಹಗುರ ಗಾಡಿಗಳಲ್ಲಿ ಜಾಸ್ತಿ ಪಾಲು ಕೂರುವ ಮಕ್ಕಳಿಗೆ ಮಾಡಿದಂಥವು. ಹಸುಗೂಸನ್ನು ಅದರಲ್ಲಿ ಕೂರಿಸಿದರೆ ಗದ್ದ ಎದೆಗೆ ಬಿದ್ದು ಉಸಿರಿಗೆ ತೊಂದರೆ ಆಗಬಹುದು.

ಈ ಎರಡು ಗಾಡಿಗಳ ಹಿಂದೆ ಎರಡು ಮನೆಗಳ ಕತೆ ಇದೆ. ಕೊಡೆಯಂತೆ ಮಡಿಯುವ ಹಗುರ ಗಾಡಿಯನ್ನು 1965ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್ ಎಂಬ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಭಾಗದ ಮೇಲೆ ಕೆಲಸ ಮಾಡಿದ್ದವರು. ಮಗಳು ಮಾಸ್ಕೋದಿಂದ ಮಗುವನ್ನು ಕರೆದುಕೊಂಡು ಬರುವಾಗ ಮಗುವನ್ನು ಮಲಗಿಸಿ ತಳ್ಳುವ ಭಾರದ ಪ್ರಾಮ್ ಗಾಡಿಯ ಜೊತೆ ಪಟ್ಟ ಪಾಡನ್ನು ಕೇಳಿ, ಅಲ್ಯೂಮಿನಿಯಂ ಕೊಳವೆಯ ಗಾಡಿ ಮಾಡಿದರು. ಓಡುವ ಗಾಡಿ ಹುಟ್ಟಿದ್ದು 1980ರ ದಶಕದಲ್ಲಿ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನಲ್ಲಿ. ಫಿಲ್ ಬೇಕ್ಲರ್ ಎಂಬ ಪತ್ರಿಕೆಯ ಕೆಲಸದವರೊಬ್ಬರು ಮಗನನ್ನೂ ಜೊತೆಗೆ ಕರೆದುಕೊಂಡು ಓಡಬೇಕೆಂದು ಗಾಡಿಗೆ ಸೈಕಲ್ ಚಕ್ರ ಜೋಡಿಸಿದರು. ಒಂದು ಮಗಳ ಕೈನೋವು ನೋಡಲಾರದ ತಾತ ಮಾಡಿದ್ದು. ಇನ್ನೊಂದು ಓಟ ಬಿಡಲಾರದ ಅಪ್ಪ ಮಾಡಿದ್ದು. ನಿಮ್ಮ ಮನೆಯಲ್ಲಿ ಇರುವುದು ಯಾವ ಕಷ್ಟ ಅಂತ ನೋಡಿಕೊಳ್ಳಿ.

ಓಡುವ ಗಾಡಿಯ ಗುಣವನ್ನೂ ಹೇಳಬೇಕು. ಅದು ಸುಮ್ನೆ ದುಡ್ಡಿನ ವಸ್ತುವಲ್ಲ. ಗಾಳಿ ತುಂಬಿದ ದೊಡ್ಡ ಟೈರು, ಕೆಳಗೆ ಸ್ಪ್ರಿಂಗು. ಜಲ್ಲಿ, ಮಣ್ಣು, ಹುಲ್ಲು, ಮರದ ಬೇರು, ಎಲ್ಲದರ ಮೇಲೂ ಮಗುವಿನ ನಿದ್ದೆ ಕೆಡದ ಹಾಗೆ ಹೋಗುತ್ತದೆ. ಸಿಯಾಟಲ್‌ನ ಡಿಸ್ಕವರಿ ಪಾರ್ಕಿನಲ್ಲಿ ಮಣ್ಣು ದಾರಿ ಇದೆ. ಅಲ್ಲಿಗೆ ಸಣ್ಣ ಗಾಡಿ ತೆಗೆದುಕೊಂಡು ಹೋದ ದಿನ ಮುಂದಿನ ಪುಟ್ಟ ಚಕ್ರಗಳು ಕಲ್ಲಿಗೆ ಸಿಕ್ಕಿ ಸಿಕ್ಕಿ ನಿಂತವು. ಮಗು ಎದ್ದು ಅಳಲು ಶುರು ಮಾಡಿತು, ಅರ್ಧಕ್ಕೇ ವಾಪಸ್ ಬಂದೆವು. ದೊಡ್ಡ ಗಾಡಿಯಲ್ಲಿ ಅದೇ ದಾರಿ ಬೆಣ್ಣೆಯ ಹಾಗೆ. ಗ್ರೀನ್ ಲೇಕ್ ಸುತ್ತಲಿನ ಸುಮಾರು 4.5 ಕಿಲೋಮೀಟರ್ ದಾರಿಗೆ ಮಾತ್ರ ಟಾರು ಇದೆ. ಅಲ್ಲಿ ನಡೆಯುವುದಕ್ಕೆ ಸಣ್ಣದೇ ಸಾಕು, ಓಡುವುದಕ್ಕೆ ದೊಡ್ಡದೇ ಬೇಕು. ಸಣ್ಣ ಗಾಡಿ ತಳ್ಳಿಕೊಂಡು ಯಾವತ್ತೂ ಓಡಬೇಡಿ, ಬಸ್ಸು ಹೊರಟುಹೋಗುತ್ತದೆ ಅನ್ನಿಸಿದರೂ ಬೇಡ. ಒಂದು ಸಣ್ಣ ಕಲ್ಲು ಸಾಕು, ಚಕ್ರ ತಿರುಚಿ ಗಾಡಿ ಮುಗ್ಗರಿಸುತ್ತದೆ.

ಓಡುವ ಗಾಡಿಯ ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡಲು ಬರುವುದು ಇದಕ್ಕೇ. ನಡೆಯುವಾಗ ಲಾಕ್ ಬಿಚ್ಚಿ, ಓಡುವಾಗ ಹಾಕಿ. ಲಾಕ್ ಹಾಕಿದಾಗ ಗಾಡಿ ತಾನಾಗಿ ತಿರುಗುವುದಿಲ್ಲ. ಹಿಡಿಕೆಯನ್ನು ಸ್ವಲ್ಪ ಒತ್ತಿ ಮುಂದಿನ ಚಕ್ರ ಎತ್ತಿ ತಿರುಗಿಸಬೇಕು. ಅಂಗಡಿಯಲ್ಲಿ ಮೂರು ಚಕ್ರ, ದಪ್ಪ ಟೈರು ನೋಡಿ ಎಲ್ಲವೂ ಓಡುವ ಗಾಡಿ ಅಂದುಕೊಳ್ಳಬೇಡಿ. ಎಷ್ಟೋ ಗಾಡಿ ನೋಡಲು ಹಾಗಿದ್ದರೂ ಒರಟು ದಾರಿಯಲ್ಲಿ ನಡೆಯಲು ಮಾತ್ರ ಮಾಡಿದವು. ಓಟಕ್ಕೆ ಆಗುತ್ತದೆಯೇ ಅಂತ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಅಂಗಡಿಯವರ ಬಾಯಿಮಾತು ಸಾಲದು.

ಈಗ ನಮ್ಮ ಊರಿನ ವಿಷಯ. ನನ್ನ ತಮ್ಮನ ಮಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಅವನೂ ದೊಡ್ಡ ಗಾಡಿಯನ್ನೇ ಕೊಂಡ. "ಅತ್ತೆ, ನಮ್ಮ ರೋಡ್ ನೋಡಿದೀರಲ್ಲ, ಸಣ್ಣ ಚಕ್ರ ನಡೆಯುತ್ತಾ?" ಅಂತ ಕೇಳಿದ. ಕೆಟ್ಟ ರಸ್ತೆಗೆ ದೊಡ್ಡ ಚಕ್ರ ಅಂತ ಎಲ್ಲರಿಗೂ ಅನ್ನಿಸುತ್ತದೆ. ನಾನು ಒಂದು ವಾರ ಅವನ ಮನೆಯಲ್ಲಿದ್ದು, ದಿನಾ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ನೋಡಿದೆ. ನಮ್ಮ ಫುಟ್‌ಪಾತಿನ ತೊಂದರೆ ಅದು ಒರಟಾಗಿದೆ ಅಂತಲ್ಲ, ತುಂಡು ತುಂಡಾಗಿದೆ ಅಂತ. ಚರಂಡಿ ಮೇಲಿನ ಚಪ್ಪಡಿ ಒಂದು ಕಡೆ ಎದ್ದಿರುತ್ತದೆ. ಪ್ರತಿ ಗೇಟಿನ ಮುಂದೆ ಇಳಿಜಾರು, ಆಮೇಲೆ ಮೊಣಕಾಲೆತ್ತರದ ಅಂಚು. ಬೈಕು ಹತ್ತದಿರಲಿ ಅಂತ ನೆಟ್ಟ ಕಂಬಗಳ ನಡುವೆ ಅಗಲದ ಗಾಡಿ ತೂರುವುದೇ ಇಲ್ಲ. ಒಂದು ಟ್ರಾನ್ಸ್‌ಫಾರ್ಮರ್ ಬಂದರೆ ರಸ್ತೆಗೇ ಇಳಿಯಬೇಕು. ಇಂಥ ಕಡೆ ಚಕ್ರ ಎಷ್ಟು ದೊಡ್ಡದಿದ್ದರೂ ಗಾಡಿಯನ್ನು ಎತ್ತಲೇಬೇಕು. ಹತ್ತು ನಿಮಿಷದ ದಾರಿಯಲ್ಲಿ ಆರು ಸಲ ಎತ್ತಿದೆವು. 13 ಕಿಲೋ ಗಾಡಿ, 9 ಕಿಲೋ ಮಗು. ಸೊಸೆ ಒಬ್ಬಳೇ ಇದ್ದರೆ ಆಗುವ ಮಾತೇ ಅಲ್ಲ. ಹಾಗಾಗಿ ಒರಟು ದಾರಿಗೆ ದೊಡ್ಡ ಚಕ್ರ, ತುಂಡು ದಾರಿಗೆ ಹಗುರ ಗಾಡಿ ಅಂತ ನಾನು ಅವನಿಗೆ ಹೇಳಿದೆ.

ಲಿಫ್ಟಿನ ಬಾಗಿಲು ಇನ್ನೊಂದು. ಅವನ ಗಾಡಿಯ ಅಗಲ 66 ಸೆಂಟಿಮೀಟರ್. ದೊಡ್ಡ ಲಿಫ್ಟಿನಲ್ಲಿ ಹೋಗುತ್ತಿತ್ತು, ಅದು ಕೆಟ್ಟ ದಿನ ಸಣ್ಣ ಲಿಫ್ಟಿನಲ್ಲಿ ನೇರವಾಗಿ ನುಗ್ಗುತ್ತಿರಲಿಲ್ಲ. ಕೊಳ್ಳುವ ಮೊದಲು ಟೇಪು ಹಿಡಿದು ಲಿಫ್ಟು, ಮುಂಬಾಗಿಲು, ಕಾರಿನ ಡಿಕ್ಕಿ ಮೂರನ್ನೂ ಅಳೆದುಕೊಳ್ಳಿ. ಕಾರಿಗೆ ಸಿಎನ್‌ಜಿ ಹಾಕಿಸಿದ್ದರೆ ಡಿಕ್ಕಿಯ ಪಾಲು ಸಿಲಿಂಡರಿಗೆ ಹೋಗಿರುತ್ತದೆ. ದೊಡ್ಡ ಗಾಡಿ ಮಡಿಸಿದರೂ ಹಿಡಿಯುವುದಿಲ್ಲ. ಬಾಡಿಗೆ ಟ್ಯಾಕ್ಸಿಗಳಲ್ಲೂ ಇದೇ ಪಾಡು. ಮನೆಗೆ ಎಷ್ಟು ಮೆಟ್ಟಿಲು ಅಂತಲೂ ಎಣಿಸಿ. ಲಿಫ್ಟಿಲ್ಲದ ಎರಡನೇ ಮಹಡಿಯವರಿಗೆ ದೊಡ್ಡ ಗಾಡಿ ಬೇಡವೇ ಬೇಡ.

ಹಾಗಂತ ನಮ್ಮಲ್ಲಿ ದೊಡ್ಡ ಗಾಡಿಗೆ ಜಾಗವೇ ಇಲ್ಲ ಅಂತಲ್ಲ. ಬೆಳಿಗ್ಗೆ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹತ್ತಿರ ಇದ್ದು, ದಿನಾ ಓಡುವವರಾದರೆ ಧಾರಾಳವಾಗಿ ಕೊಳ್ಳಿ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಣ್ಣು ದಾರಿಗೂ ಅದೇ ಸರಿ. ಮಗಳು ರಜಕ್ಕೆ ಬಂದಾಗ ಆ ದಾರಿಯಲ್ಲಿ ಸಣ್ಣ ಗಾಡಿ ತಳ್ಳಿ ನನ್ನ ತೋಳು ಬಿದ್ದುಹೋಗಿತ್ತು. ತೋಟದ ಮನೆಯವರಿಗೂ ದಪ್ಪ ಟೈರು ಅನುಕೂಲ. ಅಷ್ಟು ದಿನ ಓಡುವುದಿಲ್ಲ, ವಾರಕ್ಕೊಮ್ಮೆ ಆದರೆ ಆಯಿತು ಅನ್ನುವವರು ಮಾತ್ರ ತಡೆಯಿರಿ. ಮೊದಲು ದಿನಬಳಕೆಯದನ್ನು ತನ್ನಿ. ಮಗುವಿಗೆ ಆರೇಳು ತಿಂಗಳಾದ ಮೇಲೂ ಓಡುವ ಆಸೆ, ಸಮಯ, ಶಕ್ತಿ ಮೂರೂ ಇದ್ದರೆ ಆಗ ಎರಡನೆಯದರ ಯೋಚನೆ ಮಾಡಬಹುದು.

ಅಂಗಡಿಯಲ್ಲಿ ಸುಮ್ನೆ ತಳ್ಳಿ ನೋಡಿದರೆ ಏನೂ ತಿಳಿಯುವುದಿಲ್ಲ. ನುಣುಪು ನೆಲದ ಮೇಲೆ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಒಂದು ಕೈಯಲ್ಲಿ ಮಗುವಿನಷ್ಟು ಭಾರದ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮಡಿಸಿ ನೋಡಿ. ಮನೆಯಲ್ಲಿ ಆಗುವುದು ಹಾಗೇ ಅಲ್ವಾ? ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ನಾನು ಐದಡಿ. ಅಳಿಯಂದಿರ ಎತ್ತರಕ್ಕೆ ಕೂರಿಸಿದ ಹಿಡಿಕೆ ನನ್ನ ಎದೆಗೆ ಬರುತ್ತಿತ್ತು. ಎತ್ತರ ಬದಲಿಸಲು ಬರುವ ಹಿಡಿಕೆ ಇದ್ದರೆ ಇಬ್ಬರಿಗೂ ಸುಖ. ಕಾಲಿನ ಬ್ರೇಕನ್ನು ಚಪ್ಪಲಿ ಹಾಕಿಕೊಂಡು ಒತ್ತಿ ನೋಡಿ. ಕೆಲವು ಗಾಡಿಯಲ್ಲಿ ಬ್ರೇಕು ಬಿಡಿಸಲು ಕಾಲ್ಬೆರಳಿನಿಂದ ಮೇಲಕ್ಕೆ ಎತ್ತಬೇಕು. ಶೂ ಹಾಕುವವರಿಗೆ ಸರಿ, ನನ್ನ ಹೆಬ್ಬೆರಳಿಗೆ ಗಾಯವಾಗಿತ್ತು. ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಬೆಲ್ಟು ಇರಲೇಬೇಕು. ಸೀರೆ ಉಡುವವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಳ್ಳಿ. ನನ್ನ ಸೆರಗು ಒಮ್ಮೆ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಗಾಡಿ ಧಡಕ್ಕನೆ ನಿಂತಿತು. ಮಗು ಬೆಲ್ಟಿನಲ್ಲಿತ್ತು, ಏನೂ ಆಗಲಿಲ್ಲ. ನನ್ನ ಎದೆ ಮಾತ್ರ ಅರ್ಧ ಗಂಟೆ ಹೊಡೆದುಕೊಳ್ಳುತ್ತಿತ್ತು.

ತರಕಾರಿ ಚೀಲವನ್ನು ಹಿಡಿಕೆಗೆ ನೇತುಹಾಕಬೇಡಿ. ಹಗುರ ಗಾಡಿ ಮಗುವನ್ನು ಎತ್ತಿಕೊಂಡ ಕ್ಷಣವೇ ಹಿಂದಕ್ಕೆ ಮಗುಚುತ್ತದೆ. ಕೆಳಗಿನ ಬುಟ್ಟಿ ಇರುವುದೇ ಅದಕ್ಕೆ. ಬಿಸಿಲು ಅಂತ ಗಾಡಿಯ ಮೇಲೆ ಬಟ್ಟೆ ಮುಚ್ಚುವುದೂ ಬೇಡ. ಒಳಗೆ ಗಾಳಿಯಾಡದೆ ಕಾವು ಏರುತ್ತದೆ.

ಗಾಳಿ ಟೈರಿನ ಗಾಡಿ ತಂದರೆ ಒಂದು ಪಂಪನ್ನೂ ತನ್ನಿ. ಎಷ್ಟು ಗಾಳಿ ಅಂತ ಟೈರಿನ ಮಗ್ಗುಲಲ್ಲೇ ಪಿಎಸ್‌ಐ ಎಂಬ ಒತ್ತಡದ ಅಳತೆಯಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ತಿಂಗಳಿಗೊಮ್ಮೆ ಮುಂದಿನ ಚಕ್ರ ಲಾಕ್ ಮಾಡಿ, ಮಗು ಇಲ್ಲದೆ, ಸಮ ನೆಲದಲ್ಲಿ ಮೆಲ್ಲಗೆ ತಳ್ಳಿ ಕೈಬಿಡಿ. ಒಂದು ಕಡೆಗೆ ಎಳೆದರೆ ಚಕ್ರ ಸರಿಪಡಿಸಬೇಕು. ಚಕ್ರ ಬಿಚ್ಚಿ ಹಾಕುವಂಥದ್ದಾದರೆ ಪ್ರತಿ ಸಲ ಹೊರಡುವ ಮುಂಚೆ ಅಲ್ಲಾಡಿಸಿ, ಗಟ್ಟಿಯಾಗಿ ಕೂತಿದೆಯೇ ಅಂತ ನೋಡಿ. ಚಕ್ರದ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡಿರುತ್ತದೆ, ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಕಿರುಗುಡುತ್ತದೆ ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ. ವಾರದೊಳಗೆ ಧೂಳು ಅಂಟಿ ಮೊದಲಿಗಿಂತ ಕೆಟ್ಟದಾಯಿತು. ಸಿಲಿಕಾನ್ ಸ್ಪ್ರೇ ಒಳ್ಳೆಯದು. ಮಳೆಯಲ್ಲಿ ನೆಂದರೆ ಮಡಿಸಿ ಇಡದೆ, ಬಿಚ್ಚಿ ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಬಟ್ಟೆಗೆ ಬೂಷ್ಟು ಬರುತ್ತದೆ.

ಮೊಮ್ಮಗನಿಗೆ ಈಗ ನಾಲ್ಕು ವರ್ಷ. ದೊಡ್ಡ ಗಾಡಿಯಲ್ಲಿ ಮಗಳು ಇವತ್ತಿಗೂ ಅವನನ್ನು ಕೂರಿಸಿಕೊಂಡು ಭಾನುವಾರ ಓಡುತ್ತಾಳೆ. ಸಣ್ಣದನ್ನು ಮೈಸೂರಿನಲ್ಲೇ ಬಿಟ್ಟು ಹೋದಳು. ಕಳೆದ ತಿಂಗಳು ಅದರ ಬಟ್ಟೆ ಒಗೆದು, ಬೆಲ್ಟಿನ ಐದೂ ಕೊಂಡಿ ಎಳೆದು ನೋಡಿ, ಎದುರು ಮನೆಯ ಹುಡುಗಿಗೆ ಕೊಟ್ಟೆ. ಅವಳಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ, ಮನೆ ಮೊದಲನೇ ಮಹಡಿ, ಹದಿನೆಂಟು ಮೆಟ್ಟಿಲು.