ಲಾಕ್‌ಡೌನ್ ಬಂದರೆ ದರ್ಶಿನಿಯ ಲೆಕ್ಕ ಹೀಗೆ ಹಾಕಿ
ಗಾಂಧಿ ಬಜಾರ್ ಹತ್ತಿರ ನನ್ನದೊಂದು ಪುಟ್ಟ ದರ್ಶಿನಿ. 2020ರ ಮಾರ್ಚ್ 25ಕ್ಕೆ ದೇಶವೇ ಬಂದ್. ಜೂನ್ 8ರವರೆಗೆ ಬರೀ ಪಾರ್ಸೆಲ್.

ಮತ್ತೆ ಅಂಥ ಕಾಲ ಬಂದರೆ ಮೊದಲು ಗಲ್ಲಾ ನೋಡಬೇಡಿ. ಬಾಡಿಗೆ, ಸಂಬಳ, ಕರೆಂಟಿನ ಫಿಕ್ಸೆಡ್ ಚಾರ್ಜ್ ಕೂಡಿಸಿ, 30ರಿಂದ ಭಾಗಿಸಿ. ಬಾಗಿಲು ಹಾಕಿದ್ದರೂ ದಿನಾ ಕೈಯಿಂದ ಹೋಗುವ ದುಡ್ಡು ಅದು. ಆಮೇಲೆ ಪಾರ್ಸೆಲ್ ಮಾರಾಟದಲ್ಲಿ ದಿನಸಿ, ಗ್ಯಾಸ್, ಡಬ್ಬಿ, ಡೆಲಿವರಿ ಆ್ಯಪ್ ಕಮಿಷನ್ ಕಳೆಯಿರಿ. ಉಳಿದದ್ದು ದಿನದ ಖರ್ಚಿಗಿಂತ ಕಡಿಮೆಯೇ? ಆದರೂ ಸುಮ್ನೆ ಮುಚ್ಚಬೇಡಿ. ಮುಚ್ಚಿದರೆ ಅಷ್ಟೂ ಬರುವುದಿಲ್ಲ, ಅಲ್ವಾ? ಕಳೆದ ಮೇಲೆ ಏನೂ ಉಳಿಯದಿದ್ದರೆ ಮಾತ್ರ ಬಾಗಿಲು ಹಾಕಿ.

ಮೆನು ಕತ್ತರಿಸಿ. ಮಸಾಲೆ ದೋಸೆ ಡಬ್ಬಿಯಲ್ಲಿ ಮೆತ್ತಗಾಗುತ್ತದೆ, ಬಿಸಿಬೇಳೆಬಾತ್ ತಡೆಯುತ್ತದೆ. ನಾನು ದೋಸೆ ಹಿಟ್ಟನ್ನೇ ಕೆಜಿ ಲೆಕ್ಕದಲ್ಲಿ ಮಾರಿದೆ. ಬಾಡಿಗೆ ಇಳಿಸುವ ಮಾತನ್ನು ಕಟ್ಟಡದ ಮಾಲೀಕರ ಹತ್ತಿರ ಮೊದಲ ವಾರವೇ ಆಡಿ. ನಾನು ಸಂಕೋಚಪಟ್ಟು ಎರಡು ತಿಂಗಳು ಸುಮ್ಮನಿದ್ದೆ, ಅಡ್ವಾನ್ಸ್ ಕರಗಿತು.