20 ಕೆಬಿ ರ‍್ಯಾಮಲ್ಲಿ ಪ್ರಿಂಟ್‌ಎಫ್: ಪಂಪ್‌ಸೆಟ್ ಬೋರ್ಡಿಗೆ ನ್ಯೂಲಿಬ್ ನ್ಯಾನೊ ಹಾಕೋದು ಹೇಗೆ

ಮಂಡ್ಯ ಕಡೆ ಇಂಜಿನಿಯರಿಂಗ್ ಹುಡುಗ್ರಿಗೆ ಪ್ರಾಜೆಕ್ಟ್ ಅಂದ ತಕ್ಷಣ ಹೊಳೆಯೋದು ಗದ್ದೆ ತೇವ ನೋಡಿ ಮೋಟ್ರು ಆನ್ ಆಫ್ ಮಾಡೋ ಬೋರ್ಡು. ಒಳ್ಳೇ ಕೆಲ್ಸ ಅದು, ರಾತ್ರಿ ಹೊತ್ತು ತ್ರೀ ಫೇಸ್ ಬಂದಾಗ ಟಾರ್ಚ್ ಹಿಡ್ಕೊಂಡು ಸ್ಟಾರ್ಟರ್ ಹತ್ರ ಓಡೋದು ತಪ್ಪತ್ತೆ. ಆದ್ರೆ ಎಷ್ಟೋ ಜನ ಬ್ಲೂ ಪಿಲ್ ಅನ್ನೋ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡಲ್ಲಿ ಒಂದು ಪ್ರಿಂಟ್‌ಎಫ್ (ಅಕ್ಷರ, ಅಂಕಿ ಹೊರಗೆ ತೋರ್ಸೋ ಸಿ ಫಂಕ್ಷನ್) ಹಾಕಿ, ಪ್ರೋಗ್ರಾಂ ಸೈಜ್ ದಿಢೀರಂತ ಏರಿದ್ದು ನೋಡಿ, ಚಿಪ್ಪೇ ಸಾಲಲ್ಲ ಅಂತ ಜಾಸ್ತಿ ದುಡ್ಡು ಕೊಟ್ಟು ದೊಡ್ಡದು ತರ್ತಾರೆ. ಬೇಡ. ಆ ಎಸ್‌ಟಿಎಂ32ಎಫ್103ಸಿ8 ಚಿಪ್ಪಲ್ಲಿ 64 ಕೆಬಿ ಫ್ಲಾಶು (ಪ್ರೋಗ್ರಾಂ ಇಡೋ ಜಾಗ), 20 ಕೆಬಿ ರ‍್ಯಾಮ್ ಇದೆ, ಈ ಕೆಲ್ಸಕ್ಕೆ ಧಾರಾಳ ಸಾಕು. ಸರಿಯಾದ ಸಿ ಲೈಬ್ರರಿ ಲಿಂಕ್ ಮಾಡ್ಬೇಕು, ಅಂದ್ರೆ ಪ್ರೋಗ್ರಾಂ ಜೊತೆ ಸೇರಿಸ್ಬೇಕು ಅಷ್ಟೇ. ಅದೇ ನ್ಯೂಲಿಬ್ ನ್ಯಾನೊ, ಚಿಕ್ಕ ಚಿಪ್ಪಿಗೆ ಅಂತ ಸಣ್ಣ ಮಾಡಿರೋ ನ್ಯೂಲಿಬ್ ಲೈಬ್ರರಿ.

(ಕಮಾಂಡುಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೀನಿ, ಟೈಪ್ ಮಾಡೋವಾಗ ಇಂಗ್ಲಿಷಲ್ಲಿ ಹೊಡೀರಿ.)

ಮೊದ್ಲು ಈಗಿರೋ ಲೆಕ್ಕ ನೋಡ್ಕೊಳ್ಳಿ. ಬಿಲ್ಡ್ ಆದ ಫೈಲ್ ಮೇಲೆ ಆರ್ಮ್-ನನ್-ಇಎಬಿಐ-ಸೈಜ್ ಓಡ್ಸಿದ್ರೆ ಟೆಕ್ಸ್ಟ್ (ಕೋಡು, ಬದಲಾಗದ ಡೇಟಾ), ಡೇಟಾ (ಶುರುವಿನ ಬೆಲೆ ಕೊಟ್ಟಿರೋ ವೇರಿಯಬಲ್ಲು), ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗೋ ವೇರಿಯಬಲ್ಲು) ಅಂತ ಮೂರು ಅಂಕಿ ಬರತ್ತೆ. ಟೆಕ್ಸ್ಟು ಡೇಟಾ ಸೇರಿದ್ರೆ ಫ್ಲಾಶ್ ಖರ್ಚು, ಡೇಟಾ ಬಿಎಸ್‌ಎಸ್ ಸೇರಿದ್ರೆ ರ‍್ಯಾಮ್ ಖರ್ಚು. ಸ್ಟ್ಯಾಕು ಹೀಪು (ಪ್ರೋಗ್ರಾಂ ಓಡೋವಾಗ ಬೇಕಾಗೋ ಜಾಗ) ಇದ್ರ ಮೇಲೆ ಬೇರೆ, ಅದನ್ನ ಮರೀಬೇಡಿ. ಅಂಕಿ ಬರ್ದಿಟ್ಕೊಳ್ಳಿ.

ಆಮೇಲೆ ಲಿಂಕ್ ಮಾಡೋ ಲೈನಿಗೆ --ಸ್ಪೆಕ್ಸ್=ನ್ಯಾನೊ.ಸ್ಪೆಕ್ಸ್ ಸೇರ್ಸಿ. ಆರ್ಮ್ ಜಿಸಿಸಿ ಟೂಲ್‌ಚೈನ್ ಜೊತೆ ನ್ಯೂಲಿಬ್ ನ್ಯಾನೊ ಸಾಮಾನ್ಯವಾಗಿ ಬಂದೇ ಇರತ್ತೆ. ಕಂಪೈಲ್ ಮಾಡೋವಾಗ -ಎಫ್‌ಫಂಕ್ಷನ್-ಸೆಕ್ಷನ್ಸ್, -ಎಫ್‌ಡೇಟಾ-ಸೆಕ್ಷನ್ಸ್, ಲಿಂಕಲ್ಲಿ -ಡಬ್ಲ್ಯುಎಲ್,--ಜಿಸಿ-ಸೆಕ್ಷನ್ಸ್ ಕೊಟ್ರೆ ಯಾರೂ ಕರೀದೇ ಇರೋ ಫಂಕ್ಷನ್ನೆಲ್ಲ ಉದುರೋಗತ್ತೆ. ಮತ್ತೆ ಸೈಜ್ ಓಡ್ಸಿ, ವ್ಯತ್ಯಾಸ ನೀವೇ ನೋಡಿ.

ಈಗ ತುಂಬಾ ಜನ ಗಾಬರಿ ಆಗೋ ಜಾಗ. %ಎಫ್ (ಚುಕ್ಕಿ ಇರೋ ಅಂಕಿ, ಅಂದ್ರೆ ಫ್ಲೋಟ್, ಪ್ರಿಂಟ್ ಮಾಡೋ ಗುರುತು) ಹಾಕಿದ ಕಡೆ ಏನೂ ಪ್ರಿಂಟ್ ಆಗಲ್ಲ, ಖಾಲಿ. ಸೆನ್ಸರ್ ಸರಿಯಾಗೇ ಇರತ್ತೆ, ನ್ಯಾನೊದಲ್ಲಿ ಫ್ಲೋಟ್ ಪ್ರಿಂಟಿಂಗ್ ಕೇಳಿದ್ರೆ ಮಾತ್ರ ಬರತ್ತೆ. -ಯು _ಪ್ರಿಂಟ್‌ಎಫ್_ಫ್ಲೋಟ್ ಅಂತ ಲಿಂಕಿಗೆ ಕೊಟ್ರೆ ಬರತ್ತೆ ನಿಜ, ಆದ್ರೆ ಉಳ್ಸಿದ ಜಾಗದಲ್ಲಿ ಒಂದಷ್ಟು ವಾಪಸ್ ಹೋಗತ್ತೆ. ತೇವದ ಲೆಕ್ಕಕ್ಕೆ ಫ್ಲೋಟೇ ಬೇಡ ಅಂತೀನಿ ನಾನು. ಕೆಪಾಸಿಟಿವ್ ಸೆನ್ಸರನ್ನ ಒಣ ಕೆಮ್ಮಣ್ಣಲ್ಲಿ ನೆಟ್ಟು ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಚಿಪ್ಪಿನ ಭಾಗ) ರೀಡಿಂಗ್ ತಗೊಳ್ಳಿ, ಅದೇ ಮಣ್ಣಿಗೆ ನೀರು ಕುಡಿಸಿ ಇನ್ನೊಂದು ತಗೊಳ್ಳಿ. 12 ಬಿಟ್ ಎಡಿಸಿ, ಹಾಗಾಗಿ 0ಯಿಂದ 4095ರ ಒಳಗಿರತ್ತೆ, ಒದ್ದೆ ಆದಷ್ಟೂ ಅಂಕಿ ಇಳಿಯತ್ತೆ. ಒಣ ರೀಡಿಂಗಲ್ಲಿ ಈಗಿನ ರೀಡಿಂಗ್ ಕಳೆದು, 1000ದಿಂದ ಗುಣಿಸಿ, ಆಮೇಲೆ ಒಣ ಒದ್ದೆ ವ್ಯತ್ಯಾಸದಿಂದ ಭಾಗ್ಸಿ. ಗುಣಾಕಾರ ಮೊದ್ಲು, ಭಾಗಾಕಾರ ಆಮೇಲೆ, ಇಲ್ದಿದ್ರೆ ಇಂಟಿಜರ್ ಭಾಗಾಕಾರದಲ್ಲಿ ಸೊನ್ನೆ ಬಂದು ಕೂರತ್ತೆ. 437 ಬಂತು ಅಂದ್ರೆ 43.7 ಪರ್ಸೆಂಟ್, ಹತ್ತರಿಂದ ಭಾಗ್ಸಿದ್ದು ಚುಕ್ಕಿ ಮುಂಚೆ, ಉಳಿದ ಶೇಷ ಚುಕ್ಕಿ ಆದ್ಮೇಲೆ. ರೀಡಿಂಗ್ ಆ ಎರಡು ಮಿತಿ ದಾಟಿದ್ರೆ 0ಗೋ 1000ಕ್ಕೋ ನಿಲ್ಸಿ.

ಮುಂದಿಂದು _ರೈಟ್. ಪ್ರಿಂಟ್‌ಎಫ್‌ಗೆ ನಿಮ್ ಬೋರ್ಡಲ್ಲಿ ಅಕ್ಷರ ಎಲ್ಲಿಗೆ ಕಳಿಸ್ಬೇಕು ಅಂತ ಗೊತ್ತಿರಲ್ಲ, ನೀವೇ ಹೇಳ್ಬೇಕು. ಈ ಫಂಕ್ಷನ್ ಬರ್ದು, ಒಂದೊಂದು ಬೈಟಿಗೂ ಯುಸಾರ್ಟ್1 ಅನ್ನೋ ಸೀರಿಯಲ್ ಪೋರ್ಟಿನ ಟಿಎಕ್ಸ್‌ಇ ಫ್ಲಾಗ್ (ಮುಂದಿನ ಬೈಟಿಗೆ ಜಾಗ ಖಾಲಿ ಅನ್ನೋ ಗುರುತು) ಏಳೋವರೆಗೂ ಕಾದು, ಡೇಟಾ ರಿಜಿಸ್ಟರಿಗೆ ಹಾಕಿ, ಕೊನೇಲಿ ಉದ್ದ ವಾಪಸ್ ಕೊಡಿ. ಪಿಎ9 ಪಿನ್ನಿಂದ ಯುಎಸ್‌ಬಿ ಕನ್ವರ್ಟರಿನ ಆರ್‌ಎಕ್ಸ್‌ಗೆ ಒಂದು ವೈರು, ಗ್ರೌಂಡಿಗೆ ಗ್ರೌಂಡು. ಲಿಂಕರ್ ಎರರ್ ಹೋಗ್ಲಿ ಅಂತ ಏನೂ ಮಾಡದ ಹೆಸರಿಗಷ್ಟೇ _ರೈಟ್ ಕೊಡೋ --ಸ್ಪೆಕ್ಸ್=ನೋಸಿಸ್.ಸ್ಪೆಕ್ಸ್ ಹಾಕಿ ಸುಮ್ನಾದ್ರೆ ಬಿಲ್ಡ್ ಆಗತ್ತೆ, ಆದ್ರೆ ಅಕ್ಷರ ಎಲ್ಲೂ ಹೊರಗೆ ಬರಲ್ಲ.

_ರೈಟ್ ಬರೆದ್ರೂ ಮೆಸೇಜು ತಡವಾಗಿ ಗುಂಪುಗುಂಪಾಗಿ ಬಂದ್ರೆ ಅದು ಬಫರಿಂದು, ಅಕ್ಷರ ಕೂಡಿಟ್ಕೊಂಡು ಒಟ್ಟಿಗೆ ಕಳಿಸತ್ತೆ. ಮೇನ್ ಶುರುವಲ್ಲೇ ಸೆಟ್‌ವಿಬಫ್ ಕರ್ದು ಎಸ್‌ಟಿಡಿಔಟ್‌ಗೆ _ಐಒಎನ್‌ಬಿಎಫ್ (ಬಫರ್ ಬೇಡ ಅಂತ) ಕೊಡಿ, ಬಫರಿಗೋಸ್ಕರ ಮ್ಯಾಲಕ್ ರ‍್ಯಾಮ್ ತಿನ್ನೋದೂ ತಪ್ಪತ್ತೆ. %ಎಲ್‌ಎಲ್‌ಡಿ, %ಝಡ್‌ಯು (64 ಬಿಟ್ ಅಂಕಿ, ಸೈಜ್ ಪ್ರಿಂಟ್ ಮಾಡೋ ಗುರುತುಗಳು) ಥರದ್ದನ್ನ ನ್ಯಾನೊದಲ್ಲಿ ನಂಬ್ಕೋಬೇಡಿ.

ಕೀತ್ ಪ್ಯಾಕರ್ಡ್ ಅವರ ಪಿಕೊಲಿಬ್‌ಸಿ ಅನ್ನೋ ಇನ್ನೊಂದು ಚಿಕ್ಕ ಸಿ ಲೈಬ್ರರಿ ಕೂಡ ಇದೆ, ನ್ಯೂಲಿಬ್ಬು ಎವಿಆರ್ ಲಿಬ್‌ಸಿ ಎರಡರ ಕೋಡೂ ಸೇರಿರೋದು, ಹೊಸ ಪ್ರಾಜೆಕ್ಟಾದ್ರೆ ಅದನ್ನೂ ಹಾಕಿ ಸೈಜ್ ಹೋಲ್ಸಿ. ಯಾವ್ದೇ ಇರ್ಲಿ, ಇಂಟರಪ್ಟ್ (ಮೇನ್ ಕೆಲ್ಸ ನಿಲ್ಸಿ ನಡುವೆ ಓಡೋ ಕೋಡು) ಒಳಗೆ ಪ್ರಿಂಟ್‌ಎಫ್ ಕರೀಬೇಡಿ. ಅಲ್ಲಿ ಒಂದು ಫ್ಲಾಗ್ ಎತ್ತಿ ಬನ್ನಿ, ಪ್ರಿಂಟ್ ಮಾಡೋದನ್ನ ಮೇನ್ ಲೂಪ್ ನೋಡ್ಕೊಳ್ಳತ್ತೆ.